ಬೀಗರು ತಂದ ಬಾಟಲಿ

ಸಿರಿಲ್ ಲೋಬೊ ತೀರಿಕೊಂಡ. ಶುಕ್ರವಾರ ಮಧ್ಯಾಹ್ನ, ಕುವೈತಿನ ಸಾಲ್ಮಿಯಾದ ತನ್ನ ಫ್ಲಾಟಿನಲ್ಲಿ, ಊಟ ಮುಗಿಸಿ ಅಡ್ಡವಾದವನು ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಅವನಿಗಿನ್ನೂ ಅರುವತ್ತು ತುಂಬಿರಲಿಲ್ಲ.

ಅವನ ಕೊನೆಯ ಕೆಲವು ತಿಂಗಳ ಕಥೆಯನ್ನು ಅವನೇ ಹೇಳಬೇಕಿತ್ತು. ಅವನು ಹೇಳಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಸುಳ್ಳಂತೂ ಧಾರಾಳವಾಗಿರುತ್ತಿತ್ತು. ಸಾವಿನ ಮನೆಯಲ್ಲಿ ಸೇರಿದವರು ಅದನ್ನು ನೆನೆದು ನಕ್ಕರು, ನಕ್ಕದ್ದಕ್ಕೆ ನಾಚಿದರು, ಇನ್ನೊಮ್ಮೆ ನಕ್ಕರು. ಮರೆತುಹೋಗುವ ಮುಂಚೆ ಬರೆದಿಡುವುದು ಒಳ್ಳೆಯದು.

ಸಿರಿಲನಿಗೆ ಲೋಕದಲ್ಲಿ ಇದ್ದದ್ದು ಒಂದೇ ಕೊರಗು: ಬೀಗರು. ಬೀಗರು ಕೆಟ್ಟವರಾಗಿದ್ದರೆ ಕೊರಗು ಎಷ್ಟೋ ಕಡಿಮೆಯಾಗುತ್ತಿತ್ತು. ಕೆಟ್ಟ ಬೀಗರನ್ನು ಬೈದುಕೊಂಡು ಸುಖವಾಗಿರಬಹುದು. ಆದರೆ ಮಗಳು ಪ್ರೀಮಾ ನರ್ಸಾಗಿ ಹೋದದ್ದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಕಡಲಿನಲ್ಲಿ ಬಿದ್ದಿರುವ ಒಂದು ಪುಟ್ಟ ದ್ವೀಪಕ್ಕೆ. (ಹೆಸರು ಸಿರಿಲನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ, 'ಆ ದ್ವೀಪ' ಎನ್ನುತ್ತಿದ್ದ.) ಅಲ್ಲಿ ಅವಳು ಮದುವೆಯಾದದ್ದು ಒಬ್ಬ ಮೀನುಗಾರನ ಮಗನನ್ನು. ಆ ಮೀನುಗಾರ ಕ್ಯಾಲಮ್ ಬಿರುಗಾಳಿಯಲ್ಲಿ ದೋಣಿ ನಡೆಸುವವನು, ಕುರಿಯ ಉಣ್ಣೆ ಕತ್ತರಿಸುವವನು, ಕೆಟ್ಟ ಎಂಜಿನ್ನಿಗೆ ಒಂದು ಗುದ್ದು ಕೊಟ್ಟು ಜೀವ ಬರಿಸುವವನು. ಮೇಲಿಂದ ಅಕಾರ್ಡಿಯನ್ ಬಾರಿಸುವವನು. ಪುಣ್ಯಕ್ಕೆ ದ್ವೀಪದವರೂ ಕೆಥೊಲಿಕರೇ ಆದ್ದರಿಂದ ಆ ಒಂದು ವಿಷಯದಲ್ಲಾದರೂ ಬಗ್ಗಿ ನಿಲ್ಲಬೇಕಾಗಿರಲಿಲ್ಲ.

ಇತ್ತ ಸಿರಿಲ್ ಕುವೈತಿನ ರಾಯ್ ಎಂಬಲ್ಲಿನ ಒಂದು ಶೋರೂಮಿನಲ್ಲಿ ಬಚ್ಚಲು ಸಾಮಾನಿನ ಸ್ಟೋರ್ ಮ್ಯಾನೇಜರ್. ಮೂವತ್ತು ವರ್ಷ ಕಮೋಡುಗಳ ನಡುವೆ ಸಿಂಹಾಸನಾಧೀಶ್ವರನಂತೆ ಬದುಕಿದವನು. ಹೆಣ್ಣು ಕೊಟ್ಟವರು ಬೀಗರ ಎದುರು ಒಂದು ಮೆಟ್ಟಿಲು ಕೆಳಗೆ ಎಂಬುದು ನಮ್ಮ ಕಡೆಯ ಹಳೆಯ ರೋಗ. ಅಂಥ ಮೆಟ್ಟಿಲೊಂದು ಇದೆಯೆಂದು ಪಾಪ ಕ್ಯಾಲಮ್‌ಗೆ ಗೊತ್ತೇ ಇರಲಿಲ್ಲ. ಸಿರಿಲ್ ಮಾತ್ರ ಪ್ರತಿ ಭಾನುವಾರ ವಿಡಿಯೊ ಕಾಲ್ ಶುರುವಾದ ಕೂಡಲೇ ಆ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಿದ್ದ.

"ಆ ಮನುಷ್ಯನಿಗೆ ಬಾರದ್ದು ಒಂದಾದರೂ ಇರಬೇಕಲ್ಲ ಮಾರಾಯ್ತಿ," ಎಂದು ಹೆಂಡತಿ ಇನೆಜಳ ಹತ್ತಿರ ಗೋಳಿಡುತ್ತಿದ್ದ.

"ಉಂಟು. ನಿಮ್ಮ ಹಾಗೆ ಕೊಚ್ಚಿಕೊಳ್ಳಲಿಕ್ಕೆ ಬರುವುದಿಲ್ಲ," ಎನ್ನುತ್ತಿದ್ದಳು ಇನೆಜ್. ಆಕೆ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಯಾರ ದೇಹದಲ್ಲಿ ಏನು ಹೆಚ್ಚು, ಏನು ಕಡಿಮೆ ಎಂದು ಹೇಳುವುದೇ ಆಕೆಯ ಉದ್ಯೋಗ.

ಕಳೆದ ಬೇಸಿಗೆಯ ಒಂದು ಭಾನುವಾರ ಕ್ಯಾಲಮ್‌ನ ಮುಖ ಯಾವತ್ತಿನಂತಿರಲಿಲ್ಲ. ಕೇಳಿದರೆ ಕಥೆ ಹೊರಬಿತ್ತು. ಸ್ಕಾಟ್ಲೆಂಡಿನ ಸರಕಾರ ಮದ್ಯಕ್ಕೆ ಕನಿಷ್ಠ ಬೆಲೆ ಕಟ್ಟಿ ವರ್ಷಗಳಾಗಿದ್ದವು. ಅದಕ್ಕಿಂತ ಅಗ್ಗಕ್ಕೆ ಯಾವ ಅಂಗಡಿಯೂ ಮಾರುವಂತಿಲ್ಲ. ಆ ಬೆಲೆಯನ್ನು ಇತ್ತೀಚೆಗೆ ಇನ್ನೊಮ್ಮೆ ಏರಿಸಿದ್ದರು. ಪಿಂಚಣಿಯಲ್ಲಿ ಬದುಕುವ ಮುದುಕರ ಅಗ್ಗದ ಸೇಬಿನ ಸೈಡರ್ ಅಂಗಡಿಯಿಂದಲೇ ಮಾಯವಾಗಿತ್ತು. ಅದರ ಮೇಲೆ ಹಡಗಿನ ಬಾಡಿಗೆ. ದ್ವೀಪಕ್ಕೆಲ್ಲ ಇರುವುದು ಒಂದೇ ಅಂಗಡಿ. ಗಾಳಿ ಎದ್ದು ಹಡಗು ನಿಂತರೆ ಆ ಅಂಗಡಿಯ ಕಪಾಟೂ ಖಾಲಿ.

"ಪಟ್ಟಣದವರು ಬಸ್ಸು ಹತ್ತಿ ಬೇರೆ ಅಂಗಡಿಗೆ ಹೋಗ್ತಾರೆ. ನಾವು ಎಲ್ಲಿಗೆ ಈಜುವುದು?" ಎಂದ ಕ್ಯಾಲಮ್.

"ಎಲ್ಲಿಗೂ ಬೇಡ, ಮನೆಯಲ್ಲೇ ಇರಿ ಮಾವ," ಎಂದಳು ಹಿಂದಿನಿಂದ ಪ್ರೀಮಾ. "ಆ ಬೆಲೆ ಏರಿದ ಮೇಲೆ ನನ್ನ ಇಬ್ಬರು ಪೇಷಂಟ್ ಅಜ್ಜಂದಿರು ಬೆಳಗ್ಗೆ ತಾವೇ ಎದ್ದು ಹಲ್ಲುಜ್ಜಿ ಕೂರ್ತಾ ಇದ್ದಾರೆ. ಮೊದಲು ಅವರನ್ನು ಎಬ್ಬಿಸಬೇಕಿತ್ತು."

"ಮೂರನೆಯ ಅಜ್ಜ ಮೀನು ತಿನ್ನುವುದು ಬಿಟ್ಟು ಆ ದುಡ್ಡಲ್ಲಿ ಬಾಟಲಿ ತರ್ತಾನಲ್ಲ, ಅದು?" ಎಂದ ಕ್ಯಾಲಮ್. ಎರಡೂ ನಿಜವೇ.

ಸಿರಿಲ್ ಬೀಗರನ್ನು ಸಮಾಧಾನಪಡಿಸಲು, "ನಮ್ಮ ಕುವೈತಿನಲ್ಲಿ ನೋಡಿ, ಈ ಗೊಂದಲವೇ ಇಲ್ಲ. ಇಲ್ಲಿ ಕನಿಷ್ಠ ಬೆಲೆ ಅಂದರೆ ಊರಿಗೆ ವಿಮಾನದ ಟಿಕೇಟು. ಅದೂ ಬರೇ ಹೋಗಲಿಕ್ಕೆ," ಎಂದ. ಕ್ಯಾಲಮ್ ಹೊಟ್ಟೆ ಹಿಡಿದು ನಕ್ಕ. ಬೀಗರು ನಕ್ಕದ್ದೇ ಸಿರಿಲನ ತಲೆಗೇರಿತು. (ಮದ್ಯವಿಲ್ಲದ ದೇಶದಲ್ಲಿ ಜನರಿಗೆ ಇಂಥವೇ ತಲೆಗೇರುವುದು.) ಅದೇ ಗುಂಗಿನಲ್ಲಿ ಇನ್ನೊಂದು ಮಾತು ಜಾರಿತು:

"ಅಷ್ಟಕ್ಕೂ ನೀವು ವೈನನ್ನು ಅಂಗಡಿಯಿಂದ ಯಾಕೆ ತರ್ತೀರಿ? ನಮ್ಮ ಮಂಗಳೂರಿನಲ್ಲಿ ಕ್ರಿಸ್‌ಮಸ್ಸಿಗೆ ಮನೆಯಲ್ಲೇ ಮಾಡುವುದು. ನಾನು ಹೇಳಿಕೊಡ್ತೇನೆ."

ಕ್ಯಾಲಮ್‌ನ ಕಣ್ಣು ಅರಳಿತು. "ನಿಮಗೆ ಬರ್ತದಾ?" ಎಂದ. ಆ ಪ್ರಶ್ನೆಯನ್ನು ಕ್ಯಾಲಮ್ ಸಿರಿಲನಿಗೆ ಕೇಳಿದ್ದು ಅದೇ ಮೊದಲು.

"ರಕ್ತದಲ್ಲೇ ಉಂಟು," ಎಂದ ಸಿರಿಲ್.

ರಕ್ತದಲ್ಲಿ ಇದ್ದದ್ದು ಸಕ್ಕರೆ ಮಾತ್ರ, ಅದು ಇನೆಜಳಿಗೆ ಗೊತ್ತು. ಅವನ ಅಮ್ಮ ವೈನ್ ಮಾಡುತ್ತಿದ್ದಾಗ ಅವನು ಮೇಜಿನ ಕೆಳಗೆ ಕೂತು ಒಣದ್ರಾಕ್ಷಿ ಕದಿಯುತ್ತಿದ್ದ ಹುಡುಗ. ಭರಣಿಯ ಬುಡ ನೋಡಿದ್ದ, ಬಾಯಿ ನೋಡಿರಲಿಲ್ಲ.

ಕಾಲ್ ಮುಗಿದ ಮೇಲೆ ಮೆಲ್ಲಗೆ ಅಡುಗೆಮನೆಗೆ ಹೋಗಿ, "ಇನೆಜ್, ನಿನ್ನ ಮಮ್ಮಿ ಆ ವೈನ್..." ಎಂದು ಬಾಯಿ ತೆರೆದ. ಇನೆಜ್ ಕಿಟಕಿ ಹಾಕಿದಳು, ಎಕ್ಸಾಸ್ಟ್ ಫ್ಯಾನ್ ಹಾಕಿದಳು, ಸಾಲದೆಂದು ಖಾಲಿ ಮಿಕ್ಸಿಯನ್ನೂ ತಿರುಗಿಸಿದಳು.

"ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ! ಕೆಳಗೆ ಕಾವಲಿನ ಹಾರಿಸ್ ಕೂತಿದ್ದಾನೆ, ಬಿಲ್ಡಿಂಗಿನ ಬೀಗದ ಕೈಯೆಲ್ಲ ಅವನ ಹತ್ತಿರ ಉಂಟು. ಕೇಳಿ ಹೋಗಿ ಹೇಳಿದರೆ?"

"ಅವನಿಗೆ ಕನ್ನಡ ಬರುವುದಿಲ್ಲ ಮಾರಾಯ್ತಿ!"

"ವೈನ್ ಅನ್ನುವುದು ಕನ್ನಡವಾ?"

"ಮಾಡ್ಲಿಕ್ಕಲ್ಲ, ಸುಮ್ಮನೆ ಗೊತ್ತಿರ್ಲಿ ಅಂತ ಕೇಳಿದ್ದು..."

"ನನ್ನ ಬಾಯಿಯಿಂದ ಆ ಮಾತು ಈ ದೇಶದಲ್ಲಿ ಹೊರಡುವುದಿಲ್ಲ. ಖಲಾಸ್."

ಅಷ್ಟು ಹೊತ್ತಿಗೆ ಪ್ರೀಮಾಳ ಫೋನು ಬಂತು, ಬೆಂಕಿಯಂತೆ. "ಪಪ್ಪಾ, ನಿಮಗೆ ತಲೆ ಸರಿ ಉಂಟಾ? ನಾನಿಲ್ಲಿ ಲಿವರ್ ಹಾಳಾದವರ ಮನೆಮನೆಗೆ ಹೋಗಿ ಔಷಧಿ ಕೊಡುವವಳು. ನನ್ನ ಅಪ್ಪನೇ ಕುವೈತಿನಲ್ಲಿ ಕೂತುಕೊಂಡು ಇಡೀ ದ್ವೀಪಕ್ಕೆ ಪುಕ್ಕಟೆ ಕುಡಿಸ್ಲಿಕ್ಕೆ ಹೊರಟರೆ ನಾನು ಮುಖ ಎಲ್ಲಿಡ್ಲಿ? ಮಮ್ಮಿಗೆ ಕೊಡಿ ಫೋನ್!"

ತಾಯಿ ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಇನೆಜ್ ಹೊರಗೆ ಬಂದಾಗ ಮುಖ ಹಬ್ಬದ ದಿನದಂತಿತ್ತು. "ನಿಮ್ಮ ಇಷ್ಟ. ಹೇಳಿಕೊಡಿ," ಎಂದಳು.

ಹೆಂಡತಿ 'ನಿಮ್ಮ ಇಷ್ಟ' ಎಂದಾಗ ಯಾವ ಗಂಡನಿಗಾದರೂ ಬೆನ್ನಲ್ಲಿ ತಣ್ಣಗೆ ನೀರಿಳಿಯಬೇಕು. ಸಿರಿಲನಿಗೆ ಇಳಿಯಲಿಲ್ಲ.

ಗುರುವಿಲ್ಲದ ವಿದ್ಯೆಗೆ ಈಗ ಕಣ್ಣೇ ಗತಿ. ಸಿರಿಲ್ ಅಡುಗೆಮನೆಯಲ್ಲಿ ಸುತ್ತ ನೋಡಿದ. ಕಿಟಕಿಯ ಬಳಿ ಇನೆಜಳ ಗಾಜಿನ ಭರಣಿ ಕೂತಿತ್ತು. ಖರ್ಜೂರ ಹಾಕಿ ಆಕೆ ಮಾಡುವ ವಿನೆಗರ್‌ನ ಭರಣಿ. ಮೀನಿನ ಉಪ್ಪಿನಕಾಯಿಗೆ ಅಂಗಡಿಯ ವಿನೆಗರ್ ಹಾಕಿದರೆ ಆಕೆಗೆ ಸಮಾಧಾನವಿಲ್ಲ. ಮೂವತ್ತು ವರ್ಷ ಪ್ರತಿ ದಿನ ಚಹಾ ಕುಡಿಯುತ್ತಾ ಅವನು ನೋಡಿದ್ದು ಆ ಭರಣಿಯನ್ನೇ. ಹಣ್ಣು, ನೀರು, ಸಿಹಿ, ಬಾಯಿಗೆ ತೆಳ್ಳಗಿನ ಬಟ್ಟೆ. ದಿನಾ ಬೆಳಗ್ಗೆ ಮರದ ಸೌಟಿನಲ್ಲಿ ತಿರುವುವುದು. ವೈನ್ ಎಂದರೆ ಇದರ ಅಣ್ಣನೋ ತಮ್ಮನೋ ಆಗಿರಬೇಕು ಎಂದು ಅವನು ನಿಶ್ಚಯಿಸಿದ. ಹೊರಗಿನ ಗಾಳಿ ತಾಗದಂತೆ ವೈನಿನ ಬಾಯಿ ಕಟ್ಟುತ್ತಾರೆ ಎಂಬುದು ಮಂಗಳೂರಿನ ಯಾವ ಬಾಯಮ್ಮನಿಗಾದರೂ ಗೊತ್ತು. ಮೇಜಿನ ಕೆಳಗೆ ಕೂತವನಿಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರದಿಂದ ದ್ರಾಕ್ಷಾರಸಾಚಾರ್ಯ ಸಿರಿಲ್ ಲೋಬೊ ಅವರ ಪಾಠ ಶುರುವಾಯಿತು. ದ್ವೀಪದಲ್ಲಿ ದ್ರಾಕ್ಷಿ ಇಲ್ಲ. ರೂಬಾರ್ಬ್ ಎಂಬ ಕೆಂಪು ದಂಟು ಉಂಟು, ನೋಡಲಿಕ್ಕೆ ನಮ್ಮ ಹರಿವೆಯ ಶ್ರೀಮಂತ ನೆಂಟನಂತೆ, ರುಚಿಯಲ್ಲಿ ಹುಳಿ. "ಆದೀತು," ಎಂದ ಆಚಾರ್ಯ. ಕ್ಯಾಲಮ್‌ನ ಅಡುಗೆಮನೆಯಲ್ಲಿ ನೆರೆಮನೆಯ ಮುದುಕರು ಟೋಪಿ ತೆಗೆದು ಕೂತರು. ಇಂಟರ್ನೆಟ್ಟಿನಲ್ಲಿ ನೋಡಬಹುದಿತ್ತಲ್ಲ ಎನ್ನಬೇಡಿ. ಬೀಗರು ಬಾಯಿಬಿಟ್ಟು ಹೇಳಿಕೊಡುವಾಗ ಬೇರೆ ಕಡೆ ವಿಚಾರಿಸುವುದು ಅವರಿಗೆ ಅವಮಾನ ಎಂದು ಕ್ಯಾಲಮ್ ತಿಳಿದಿದ್ದ. ಅಷ್ಟು ಒಳ್ಳೆಯ ಮನುಷ್ಯ, ಅದೇ ತೊಂದರೆ.

"ಮುಚ್ಚಳ ಗಟ್ಟಿಯಾಗಿ ಹಾಕಬೇಕಲ್ಲವಾ?" ಎಂದ ಒಬ್ಬ ಮುದುಕ.

"ಛೆ! ಬಟ್ಟೆ! ಬರೇ ಬಟ್ಟೆ!" ಎಂದು ಸಿರಿಲ್ ಸಾಲ್ಮಿಯಾದಿಂದ ಗರ್ಜಿಸಿದ. "ಅದಕ್ಕೂ ಉಸಿರಾಡಬೇಕು. ಒಲೆಯ ಹತ್ತಿರ ಬೆಚ್ಚಗೆ ಇಡಿ. ದಿನಾ ತಿರುವಿ, ಪ್ರೀತಿಯಿಂದ."

ಆಚೆ ಸೋಫಾದಲ್ಲಿ ಬಟಾಣಿ ಸುಲಿಯುತ್ತಿದ್ದ ಇನೆಜಳಿಗೆ ಆಗ ಜೋರಾಗಿ ಕೆಮ್ಮು ಬಂತು.

ತಿಂಗಳುಗಳು ಕಳೆದವು. ಹೇಗಾಯಿತು ಎಂದು ಕೇಳಿದಾಗಲೆಲ್ಲ ಕ್ಯಾಲಮ್, "ಇಂಥದನ್ನು ನಾವು ಯಾರೂ ಜನ್ಮದಲ್ಲಿ ಕುಡಿದಿರಲಿಲ್ಲ," ಎನ್ನುತ್ತಿದ್ದ. ಸಿರಿಲ್ ಹಿಗ್ಗಿ ಹೀರೇಕಾಯಿಯಾದ. ಕೆಳಗಿನ ಮಹಡಿಯ ಗೆಳೆಯ ರೋಹಿದಾಸನಿಗೆ ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಕಾರು ನಿಲ್ಲಿಸುವಲ್ಲಿ ಇದೇ ಪ್ರವಚನ. ರೋಹಿದಾಸ ಹೋಟೆಲ್ ಒಂದರಲ್ಲಿ ಅಕೌಂಟೆಂಟ್. ನಂಬುವುದು ಅವನ ವೃತ್ತಿಗೆ ಸಲ್ಲದು.

"ನೀನು ಒಂದು ಹನಿಯಾದರೂ ಮಾಡಿದ್ದೀಯಾ ಮಾರಾಯ, ಇಷ್ಟು ವರ್ಷದಲ್ಲಿ?"

"ಈಜು ಕಲಿಸುವ ಮಾಸ್ಟ್ರು ನೀರಿಗೆ ಇಳಿಯಬೇಕು ಅಂತ ಎಲ್ಲಿ ಉಂಟು?"

ಜನವರಿಯಲ್ಲಿ ಕ್ಯಾಲಮ್ ಮತ್ತು ಅವನ ಹೆಂಡತಿ ಮೊರಾಗ್ ಕುವೈತಿಗೆ ಹೊರಟರು. ಬೀಗರನ್ನು ಮನೆಗೆ ಬರಮಾಡಿಕೊಳ್ಳುವ ಭಾಗ್ಯ! ಸಿರಿಲ್ ಪರದೆ ಬದಲಿಸಿದ, ಶೋರೂಮಿನಿಂದ ರಿಯಾಯಿತಿಯಲ್ಲಿ ಹೊಸ ನಲ್ಲಿ ತಂದು ಹಾಕಿದ. ಗುರುವಾರ ಮಧ್ಯಾಹ್ನ ವಿಮಾನ. ಇನೆಜಳಿಗೆ ಡ್ಯೂಟಿ. ರೋಹಿದಾಸನ ದೊಡ್ಡ ಕಾರಿನಲ್ಲಿ ಇಬ್ಬರೂ ಏರ್‌ಪೋರ್ಟಿಗೆ ಹೋಗಿ ನಿಂತ ಮೇಲೆ ಸಿರಿಲನ ಮೊಬೈಲು ಟಿಣ್ ಎಂದಿತು. ನಡುದಾರಿಯ ನಿಲ್ದಾಣದಿಂದ ಕ್ಯಾಲಮ್ ಕಳಿಸಿದ್ದ ಫೋಟೊ ತಡವಾಗಿ ಬಂದಿತ್ತು. ಉಣ್ಣೆಯ ಕಾಲುಚೀಲದೊಳಗೆ ಒಂದು ಬಾಟಲಿ, ಒಳಗೆ ಹೊಂಬಣ್ಣದ ದ್ರವ. ಕೆಳಗೆ ಒಂದು ಸಾಲು: 'ನಿಮ್ಮದೇ ಪಾಠದ ಫಲ. ನಿಮಗಾಗಿ ಪೆಟ್ಟಿಗೆಯಲ್ಲಿ.'

ಸಿರಿಲ್ ಹತ್ತಿರದ ಕಂಬ ಹಿಡಿದ.

"ಎಂತ ಆಯಿತು?" ಎಂದ ರೋಹಿದಾಸ. ಫೋಟೊ ನೋಡಿ ಅವನೂ ಅದೇ ಕಂಬ ಹಿಡಿದ.

"ವೈನ್ ಮಾರಾಯ. ಬೀಗರು ಕುವೈತಿಗೆ ವೈನ್ ತಂದಿದ್ದಾರೆ! ಅವರ ವೀಸಾ ಅರ್ಜಿಯಲ್ಲಿ ನನ್ನ ಮನೆಯ ವಿಳಾಸ ಉಂಟು. ಮಾಡಲಿಕ್ಕೆ ಕಲಿಸಿದವನು ಯಾರು ಅಂತ ಕೇಳಿದರೆ ಆ ಸತ್ಯಸಂಧ ನನ್ನ ಹೆಸರು, ಫೋನ್ ನಂಬರು ಎರಡೂ ಕೊಡ್ತಾನೆ. ಇಲ್ಲಿ ಇರಲಿಕ್ಕೆ ಕೊಟ್ಟ ಇಕಾಮಾ ಹೋಯಿತು. ಕೆಲಸಕ್ಕೆ ಕರೆಸಿಕೊಂಡ ಕಫೀಲ್ ನನ್ನನ್ನು ಹೊಸ ಕಮೋಡಿನೊಳಗೆ ಹಾಕಿ ಫ್ಲಶ್ ಮಾಡ್ತಾನೆ!"

"ಪ್ರೀಮಾಳಿಗೆ ಫೋನ್ ಮಾಡು."

ಪ್ರೀಮಾ ಹಡಗಿನಲ್ಲಿ ಎಲ್ಲೋ ಇದ್ದಳು; ಸಿಗ್ನಲ್ಲಿರಲಿಲ್ಲ.

"ಇನೆಜ್‌ಬಾಯಿಗೆ?"

"ಅದಕ್ಕಿಂತ ಜೈಲೇ ವಾಸಿ," ಎಂದ ಸಿರಿಲ್. (ಆಗ ಒಂದು ಫೋನ್ ಮಾಡಿದ್ದರೆ ಒಂದೇ ಪದದಲ್ಲಿ ಎಲ್ಲ ಮುಗಿಯುತ್ತಿತ್ತು. ಆದರೆ ಹೆಂಡತಿಗೆ ಹೆದರುವವನಿಗೆ ಹೆಂಡತಿಯ ಸಹಾಯ ಸಿಗುವುದು ಹೇಗೆ?)

ಬರುವವರು ಹೊರಗೆ ಬರುವ ಗಾಜಿನ ಬಾಗಿಲು ತಾನಾಗಿ ತೆರೆದು ತಾನಾಗಿ ಮುಚ್ಚುವಂಥದು. ಒಮ್ಮೆ ತೆರೆದಾಗ ಒಳಗೆ ಕ್ಯಾಲಮ್‌ನ ಎತ್ತರದ ಬಿಳಿ ತಲೆ ಕಂಡಿತು. ಮುಚ್ಚಿತು. ಮತ್ತೆ ತೆರೆದಾಗ ಪೆಟ್ಟಿಗೆ ಮೇಜಿನ ಮೇಲೆ ಬಾಯಿ ಬಿಟ್ಟಿತ್ತು. ಮುಚ್ಚಿತು. ಮೂರು ಟ್ರಾಲಿ ತಳ್ಳಿಕೊಂಡು ಯಾವುದೋ ದೊಡ್ಡ ಕುಟುಂಬ ಹೊರಬಂತು. ಅಷ್ಟು ಹೊತ್ತೂ ಬಾಗಿಲು ತೆರೆದೇ ಇತ್ತು, ಆ ಹೊತ್ತಿನಲ್ಲಿ ಕಸ್ಟಮ್ಸ್ ಅಧಿಕಾರಿ ಕಾಲುಚೀಲದಿಂದ ಬಾಟಲಿಯನ್ನು, ಸೂಲಗಿತ್ತಿ ಮಗುವನ್ನು ಎತ್ತುವಂತೆ, ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ.

ಸಿರಿಲ್ ಕಣ್ಣು ಮುಚ್ಚಿದ. ಮೂವತ್ತು ವರ್ಷದಲ್ಲಿ ಮಾಡದಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡಿದ. "ಸ್ವಾಮಿ ಯೇಸುವೇ, ಕಾನಾ ಊರಿನ ಮದುವೆಯಲ್ಲಿ ನೀರನ್ನು ವೈನ್ ಮಾಡಿದವನು ನೀನು. ಇವತ್ತು ಒಂದೇ ಒಂದು ಸಲ ಅದನ್ನು ಹಿಂದುಮುಂದು ಮಾಡು. ನನ್ನ ಪಾಠ ತಪ್ಪಾಗಿರಲಿ. ನಾನು ದಡ್ಡನಾಗಿರಲಿ. ಏನೂ ಬಾರದವನಾಗಿರಲಿ."

"ಆ ಮಟ್ಟಿಗೆ ದೇವರು ನಿನ್ನ ಮೇಲೆ ಮೊದಲೇ ಕೃಪೆ ಮಾಡಿದ್ದಾನೆ," ಎಂದ ರೋಹಿದಾಸ.

ಬಾಗಿಲು ತೆರೆಯಿತು. ಮುಚ್ಚಳ ತೆಗೆದಿದ್ದರು. ಅಧಿಕಾರಿಯ ಮೂಗು ಬಾಟಲಿಯ ಬಾಯಿಯಲ್ಲಿತ್ತು. ಮುಚ್ಚಿತು. ತೆರೆಯಿತು. ಈಗ ಇಬ್ಬರು ಅಧಿಕಾರಿಗಳು. ಎರಡನೆಯವನು ಅಂಗೈಗೆ ಒಂದು ಹನಿ ಹಾಕಿ ನಾಲಿಗೆಗೆ ತಾಗಿಸಿದ. ಅವನ ಮುಖದಲ್ಲಿದ್ದ ಕಣ್ಣು, ಮೂಗು, ಮೀಸೆ ಎಲ್ಲ ನಡುವಿನ ಒಂದು ಬಿಂದುವಿಗೆ ಓಡಿ ಬಂದು ಸೇರಿದವು.

"ಖಲ್!" ಎಂದು ಅವನು ಕೂಗಿದ್ದು ಹೊರಗಿನವರೆಗೂ ಕೇಳಿಸಿತು. "ವಲ್ಲಾ, ಖಲ್!"

ಖಲ್ ಎಂದರೆ ವಿನೆಗರ್.

ಅಧಿಕಾರಿಗಳು ನಕ್ಕರು, ಮುಚ್ಚಳ ಹಾಕಿದರು, ಕಾಲುಚೀಲ ತೊಡಿಸಿದರು. "ಯಲ್ಲಾ, ಯಲ್ಲಾ," ಎಂದು ಕ್ಯಾಲಮ್‌ನ ಬೆನ್ನು ತಟ್ಟಿದರು. ಸಿರಿಲನಿಗೆ ಮೊದಲು ಪ್ರಾಣ ಬಂತು. ಎರಡನೆಯ ಉಸಿರಿಗೆ ಮಾನ ಹೋಯಿತು. ಪ್ರಾರ್ಥನೆ ಇಷ್ಟು ಪೂರ್ತಿಯಾಗಿ ಫಲಿಸಬೇಕೆಂದು ಅವನು ಕೇಳಿರಲಿಲ್ಲ.

ಕಾರಿನಲ್ಲಿ ಕ್ಯಾಲಮ್ ಅವನ ಭುಜ ಹಿಡಿದು ಅಲುಗಾಡಿಸಿದ, "ಎಂಥ ಮನುಷ್ಯ ನೀವು!" ಸಿರಿಲ್ ಇಂಗು ತಿಂದ ಮಂಗನಂತೆ ಕೂತಿದ್ದ. ಹೊಗಳುತ್ತಿದ್ದಾನೋ ಹಂಗಿಸುತ್ತಿದ್ದಾನೋ ತಿಳಿಯಲಿಲ್ಲ. ರೋಹಿದಾಸ ಕನ್ನಡಿಯಲ್ಲಿ ನೋಡಿ ನೋಡಿ ನಗುವುದನ್ನು ತಡೆದು ತಡೆದು, ಸಾಲ್ಮಿಯಾ ತಲುಪುವಷ್ಟರಲ್ಲಿ ಕಣ್ಣೀರು ಸುರಿಸುತ್ತಿದ್ದ.

ಮರುದಿನವೇ ಆ ಶುಕ್ರವಾರ. ಇನೆಜ್ ಮಾಂಜಿ ಮೀನು ಹುರಿದಿದ್ದಳು, ದೋಸೆಯಂಥ ಪೊಳೊ ಮಾಡಿದ್ದಳು, ಕೋಳಿ ಸಾರು ಮಾಡಿದ್ದಳು. ರೋಹಿದಾಸನೂ ಊಟಕ್ಕಿದ್ದ. ಕ್ಯಾಲಮ್ ಬಾಟಲಿ ತಂದು ಮೀನಿನ ಮೇಲೆ ಚಿಮುಕಿಸಿ, ತಿಂದು, ಕಣ್ಣು ಮುಚ್ಚಿದ.

"ಇಡೀ ದ್ವೀಪ ಈಗ ಮೀನಿಗೆ, ಆಲೂಗಡ್ಡೆಗೆ ಇದನ್ನೇ ಹಾಕುವುದು," ಎಂದ. "ಅಂಗಡಿಯಲ್ಲೂ ಇಟ್ಟಿದ್ದಾರೆ. ಇದಕ್ಕೆ ಯಾವ ಸರಕಾರವೂ ಕನಿಷ್ಠ ಬೆಲೆ ಕಟ್ಟುವುದಿಲ್ಲ! ಮೊದಲ ದಿನ ಲೋಟ ತುಂಬಿಸಿ ಎತ್ತಿದ ಮುದುಕರು ನಿಮ್ಮನ್ನು ಗೇಲಿಕ್ ಭಾಷೆಯಲ್ಲಿ ಬೈದರು, ಸುಳ್ಳು ಯಾಕೆ. ಆಮೇಲೆ ಪ್ರೀಮಾ ಹೇಳಿದಳು, ಇದೇ ನಿಮ್ಮ ಯೋಜನೆ ಅಂತ. ಮಗಳು ನರ್ಸು, ಅವಳ ಕೆಲಸಕ್ಕೆ ಅಡ್ಡ ಬರಬಾರದು, ಬೀಗರಿಗೆ ಕೊಟ್ಟ ಮಾತೂ ತಪ್ಪಬಾರದು. ಅದಕ್ಕೆ ವೈನ್ ಅಂತ ಹೇಳಿ ಬೇಕೆಂದೇ ವಿನೆಗರ್ ಕಲಿಸಿದಿರಿ. ಇಷ್ಟು ತಲೆ ನನಗಿಲ್ಲ ಸಿರಿಲ್!"

ಸಿರಿಲ್ ಬಾಯಿಯಲ್ಲಿದ್ದ ತುತ್ತನ್ನು ನುಂಗಲಿಲ್ಲ, ಅಗಿಯಲೂ ಇಲ್ಲ. ಇಷ್ಟು ವರ್ಷ ಅವನು ಕಾದದ್ದು ಇದೇ ಮಾತಿಗೆ. ಬೀಗರ ಬಾಯಿಯಿಂದ, ಸ್ವಂತ ಮನೆಯಲ್ಲಿ, ಸಾಕ್ಷಿ ಸಮೇತ. ಮಗಳು ಅಪ್ಪನ ಮಾನವನ್ನು ಅಲ್ಲಿ ಎಲ್ಲೋ ಕಡಲಿನ ನಡುವೆ ಹೊಲಿದು, ಇಸ್ತ್ರಿ ಹಾಕಿ ಕಳಿಸಿಕೊಟ್ಟಿದ್ದಳು. ತೊಟ್ಟುಕೊಂಡರೆ ಸಾಕಿತ್ತು.

ಅವನು ಇನೆಜಳ ಕಡೆ ನೋಡಿದ. ಇನೆಜ್ ಮೊರಾಗ್‌ಗೆ ಪೊಳೊ ಬಡಿಸುತ್ತಿದ್ದಳು. ಕೆಮ್ಮಲಿಲ್ಲ. ನಗಲೂ ಇಲ್ಲ.

ಅಷ್ಟರಲ್ಲಿ ಕ್ಯಾಲಮ್‌ನ ಮೊಬೈಲು ಬಡಿದುಕೊಂಡಿತು. ದ್ವೀಪದ ಚರ್ಚಿನ ಹಾಲ್. ಪರದೆಯ ತುಂಬ ಟೋಪಿ, ಗಡ್ಡ, ಕನ್ನಡಕ, ಮೂಲೆಯಲ್ಲಿ ಪ್ರೀಮಾ. "ಎಲ್ಲರೂ ನಿಮಗಾಗಿ ಕಾದಿದ್ದಾರೆ," ಎಂದು ಕ್ಯಾಲಮ್ ಮೊಬೈಲನ್ನು ಸಿರಿಲನ ಕೈಗೆ ಕೊಟ್ಟ. ಒಬ್ಬ ಮುದುಕ ಗಾಜಿನ ಭರಣಿಯನ್ನು ಪರದೆಗೆ ಹತ್ತಿರ ತಂದು, ಒಳಗೆ ತೇಲುತ್ತಿದ್ದ ಲೋಳೆಯಂಥ ದಪ್ಪ ಕೆನೆಯನ್ನು ತೋರಿಸಿ, "ಲೋಬೊ ಅವರೇ, ಇದೇನಿದು? ಅಂಬಲಿ ಮೀನಿನ ಹಾಗೆ ಉಂಟು. ತೆಗೆದು ಬಿಸಾಡಬೇಕಾ, ಇಡಬೇಕಾ?" ಎಂದು ಕೇಳಿದ.

ಸಿರಿಲನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ಅವನಿಗೆ ಯಾವತ್ತೂ ಅಡ್ಡಿಯಾದದ್ದೂ ಇಲ್ಲ. ಬಿಸಾಡಿ ಎಂದರೂ ಬಿಸಾಡುತ್ತಿದ್ದರು, ಇಡಿ ಎಂದರೂ ಇಡುತ್ತಿದ್ದರು. ಅವನು ಬಾಯಿ ತೆರೆದ. ರೋಹಿದಾಸ ನೀರಿನ ಲೋಟ ಕೆಳಗಿಟ್ಟು ಕಾದ.

"ನನಗೆ ಗೊತ್ತಿಲ್ಲ," ಎಂದ ಸಿರಿಲ್. "ಮೊದಲೂ ಗೊತ್ತಿರಲಿಲ್ಲ. ನಾನು ವೈನ್ ಅಂದುಕೊಂಡೇ ಹೇಳಿಕೊಟ್ಟದ್ದು. ಯೋಜನೆಯೂ ಇಲ್ಲ, ಎಂಥದೂ ಇಲ್ಲ. ಮಗಳು ನನ್ನ ಮರ್ಯಾದೆ ಉಳಿಸಿದ್ದು. ಗೊತ್ತಿರುವವಳು ಇವಳು. ಇವಳ ಭರಣಿ ನೋಡಿ ನಾನು ಕಾಪಿ ಹೊಡೆದದ್ದು. ಇವಳನ್ನು ಕೇಳಿ."

ಅಲ್ಲಿಯೂ ಇಲ್ಲಿಯೂ ಒಟ್ಟಿಗೆ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ಕ್ಯಾಲಮ್, ಮೇಜು ಗುದ್ದಿ ಗುದ್ದಿ. "ದೇವರ ದಯೆ! ನಿಮ್ಮಂಥ ಬುದ್ಧಿವಂತರ ಎದುರು ನಾನು ಇಷ್ಟು ದಿನ ಹೆದರಿ ಹೆದರಿ ಮಾತಾಡ್ತಿದ್ದೆ!" ಎಂದ.

ಸಿರಿಲ್ ಅವನನ್ನೇ ನೋಡಿದ. ಮತ್ತೆ ಎದ್ದು ಕುರ್ಚಿಯನ್ನು ಇನೆಜಳಿಗೆ ಬಿಟ್ಟು, ಮೊಬೈಲನ್ನು ಅವಳ ಮುಖದ ಎದುರು ಹಿಡಿದ.

"ಬಿಸಾಡಬೇಡಿ, ಬಿಸಾಡಬೇಡಿ!" ಎಂದಳು ಇನೆಜ್, ಕೈಯ ಮಸಾಲೆ ಏಪ್ರನ್ನಿಗೆ ಒರೆಸಿಕೊಳ್ಳುತ್ತಾ. "ಅದೇ ವಿನೆಗರ್‌ನ ತಾಯಿ. ಸ್ವಲ್ಪ ತುಂಡು ಮಾಡಿ ಹೊಸ ಭರಣಿಗೆ ಹಾಕಬೇಕು. ಈಗ ನೋಡಿ, ಮೊದಲು ಭರಣಿ ತೊಳೆಯುವ ಕ್ರಮ ಹೇಳ್ತೇನೆ..." ಎಂದವಳು ಪರದೆಯ ಮೂಲೆಯಲ್ಲಿ ತನ್ನದೇ ಚಿತ್ರ ನೋಡಿ ಗಂಡನ ಕಡೆ ತಿರುಗಿದಳು. "ಕೈ ನೆಟ್ಟಗೆ ಹಿಡಿಯಿರಿ ಮಾರಾಯ್ರೆ, ನನ್ನ ಮೂಗು ಮಾತ್ರ ಕಾಣ್ತಾ ಉಂಟು ಅವರಿಗೆ!"

ಸಿರಿಲ್ ಎರಡೂ ಕೈಯಲ್ಲಿ ಮೊಬೈಲನ್ನು ನೆಟ್ಟಗೆ ಹಿಡಿದ. ಇನೆಜ್ ಭರಣಿ ತೊಳೆಯುವುದರಿಂದ ಹಿಡಿದು ಬಟ್ಟೆ ಕಟ್ಟುವವರೆಗೆ ಎಲ್ಲವನ್ನೂ, ಎರಡೆರಡು ಸಲ, ಸಾವಕಾಶವಾಗಿ ಹೇಳಿದಳು. ಅವಳು ಹೇಳಿ ಮುಗಿಸುವವರೆಗೂ ಅವನು ಹಾಗೆಯೇ ಹಿಡಿದುಕೊಂಡು ನಿಂತಿದ್ದ.